ಬಾರಿಸದ ತಮಟೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಮ್ಮೂರಿನವರು ಬಳಸುವುದಿಲ್ಲ. ಮುತ್ತಿನ ವಿಷಯ ನಮಗೆ ಗೊತ್ತಿಲ್ಲ, ಒಡೆಯುವಷ್ಟು ಮುತ್ತು ಯಾರ ಮನೆಯಲ್ಲೂ ಇಲ್ಲ. ಮಾತು ಹೋಗುವುದಿಲ್ಲ ಎಂಬುದು ಮಾತ್ರ ಹಸುಗೂಸಿಗೂ ಗೊತ್ತು. ಕೆರೆ ಏರಿಯ ಮೇಲಿರುವ ಕೂಗುಗಲ್ಲನ್ನು ಹತ್ತಿ, ಎದುರಿನ ಬೋಳುಗುಡ್ಡಕ್ಕೆ ಮುಖ ಮಾಡಿ ಕೂಗಿದ್ದೆಲ್ಲ ಮೂವತ್ತಾರು ವರ್ಷ ತುಂಬಿದ ದಿನ, ಅದೇ ಹೊತ್ತಿಗೆ, ಊರಿಗೆ ವಾಪಸ್ ಬರುತ್ತದೆ. ಮಗು ಹುಟ್ಟಿದರೆ ಅಜ್ಜಿಯೋ ಸೋದರತ್ತೆಯೋ ಕಲ್ಲು ಹತ್ತಿ ಕೂಗುತ್ತಾರೆ. ಆ ಮಗು ತನಗೆ ಮೂವತ್ತಾರು ತುಂಬಿದ ದಿನ ಬಂಧುಬಳಗದ ಜೊತೆ ಕೇಳುಕಟ್ಟೆಯ ಮೇಲೆ ಕುಳಿತು, ಹೋಳಿಗೆ ತಿನ್ನುತ್ತ, ತಾನು ಹುಟ್ಟಿದ ಸುದ್ದಿಯನ್ನು ತಾನೇ ಕೇಳುತ್ತದೆ. ಮದುವೆಯ ವಾಲಗವನ್ನು ಒಂದು ಸುತ್ತು ಕಲ್ಲಿನ ಮೇಲೆ ಊದಿಸುವುದು ಪದ್ಧತಿ, ವಯಸ್ಸಾದ ಮೇಲೆ ಗಂಡಹೆಂಡಿರು ಇನ್ನೊಮ್ಮೆ ಕೇಳಲಿ ಎಂದು. ಕೇಳಿ ಕೆಲವರು ಅಳುತ್ತಾರೆ. ಯಾಕೆ ಎಂದು ನಾವು ವಿಚಾರಿಸುವುದಿಲ್ಲ.

ನಮ್ಮಜ್ಜಿಯೂ ಹಿಂದಿನ ಬೀದಿಯ ಸಣ್ಣೀರಮ್ಮನೂ ಕಲ್ಲಿನ ಮೇಲೆ ಸೀರೆ ಒಣಹಾಕುವ ವಿಷಯಕ್ಕೆ ಕಿತ್ತಾಡಿದ್ದು ನಾಲ್ಕು ವರ್ಷದ ಹಿಂದೆ ವಾಪಸ್ ಬಂತು. ಅಷ್ಟರಲ್ಲಿ ಇಬ್ಬರೂ ತೀರಿಹೋಗಿದ್ದರು. ಸಣ್ಣೀರಮ್ಮನ ಮೊಮ್ಮಗಳೂ ನಾನೂ ಚಾಪೆ ಹಾಸಿಕೊಂಡು ಕುಳಿತು ಪೂರ್ತಿ ಕೇಳಿದೆವು. ಯಾರ ಅಜ್ಜಿ ಗೆದ್ದಳು ಎಂದು ಇವತ್ತಿಗೂ ವಾದ ನಡೆದಿದೆ. ಹಿಂದೆ ಚುನಾವಣೆಗೆ ನಿಂತವರೊಬ್ಬರು 'ವರ್ಷದೊಳಗೆ ಹಳ್ಳಕ್ಕೆ ಸೇತುವೆ' ಎಂದು ಅದೇ ಕಲ್ಲಿನಿಂದ ಸಾರಿದ್ದರಂತೆ. ಆ ಮಾತು ತಿರುಗಿ ಬಂದಾಗ ಪಂಚೆ ಎತ್ತಿ ಕಟ್ಟಿಕೊಂಡು ಹಳ್ಳ ದಾಟುತ್ತಿದ್ದ ಜನ ನೀರಿನ ನಡುವೆಯೇ ನಿಂತು ಚಪ್ಪಾಳೆ ತಟ್ಟಿದರು. ಅಂದಿನಿಂದ ಯಾವ ಪಕ್ಷದವರೂ ಕಲ್ಲು ಹತ್ತುವುದಿಲ್ಲ.

ಇಂಥ ಊರಿನಲ್ಲಿ ಸುದ್ದಿ ಸಂಗ್ರಹಾಲಯವೊಂದು ಇಲ್ಲದೆ ಇರುತ್ತದೆಯೇ? ಹಳೆಯ ಅಂಚೆ ಕಚೇರಿಯ ಹೆಂಚಿನ ಕಟ್ಟಡವೇ ಅದು. ಜೂನ್ ತಿಂಗಳ ಮೊದಲ ಸೋಮವಾರ ನಾನು ಅಲ್ಲಿ ಸಂಶೋಧಕಿಯಾಗಿ ಸೇರಿದೆ. ಹೆಸರು ಗಂಗಾಂಬಿಕೆ, ವಯಸ್ಸು ಮೂವತ್ತೈದು. ಹನ್ನೊಂದು ವರ್ಷ ಬೇರೆಯವರ ಮಕ್ಕಳಿಗೆ ಇಸವಿಗಳನ್ನು ಬಾಯಿಪಾಠ ಮಾಡಿಸಿ ಬೇಸತ್ತಿದ್ದೆ. ಕಡತಗಳನ್ನೂ ಸಂಗ್ರಹದ ವಸ್ತುಗಳನ್ನೂ ನೋಡಿ ಊರಿನಲ್ಲಿ ಸುದ್ದಿ ಹೇಗೆ ಹೇಗೆ ಓಡಾಡಿತು ಎಂಬ ಇತಿಹಾಸ ಬರೆಯಬೇಕು ಎಂದು ಆದೇಶದಲ್ಲಿತ್ತು. ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ, ಕೆಲಸ ಹಿಡಿಸದಿದ್ದರೆ ಮನೆಗೆ. ಮುಂದಿನ ವರ್ಷ ನನ್ನ ಹುಟ್ಟಿನ ಕೂಗು ಬರುವುದಿತ್ತು. ಅಷ್ಟರೊಳಗೆ ನೆಟ್ಟಗೆ ಒಂದು ಕೆಲಸದಲ್ಲಿ ನಿಲ್ಲಬೇಕು, ಕಟ್ಟೆಯ ಮೇಲೆ ಕುಳಿತಾಗ ಅಜ್ಜಿಯ ದನಿಗೆ ಮುಖ ತೋರಿಸುವಂತಿರಬೇಕು ಎಂಬುದು ನನ್ನ ಆಸೆ.

ಮೊದಲ ದಿನ ಕೋಣೆ ಕೋಣೆ ತೋರಿಸಿದವರು ಕಡತ ಕಾಯುವ ಬಡೇಸಾಬರು. ಅರವತ್ತು ದಾಟಿದರೂ ಏಣಿ ಹತ್ತುವುದರಲ್ಲಿ ಬೆಕ್ಕು. ಮುಂದಿನ ಎರಡು ಕೋಣೆಗಳಲ್ಲಿ ಕೊಂಬು, ಅಂಚೆ ಓಟಗಾರನ ಗೆಜ್ಜೆ ಕಟ್ಟಿದ ಈಟಿ, ತಂತಿ ಯಂತ್ರ, ಎತ್ತಿದರೆ ಕೈ ನೋಯುವಂಥ ಕರಿ ಟೆಲಿಫೋನು. ಹಿಂದಿನ ಉದ್ದನೆಯ ಕೋಣೆಯಲ್ಲಿ ಎರಡು ಸಾಲು ದಪ್ಪ ಪುಸ್ತಕಗಳು. ಒಂದು ಸಾಲಿನ ಬೆನ್ನಿಗೆ 'ಹೋದದ್ದು' ಎಂದೂ ಇನ್ನೊಂದರ ಬೆನ್ನಿಗೆ 'ಬಂದದ್ದು' ಎಂದೂ ಬರೆದಿತ್ತು. ಕಲ್ಲಿನಿಂದ ಯಾರು ಯಾವತ್ತು ಏನು ಕೂಗಿದರು ಎಂಬುದು ಒಂದರಲ್ಲಿ, ಗುಡ್ಡದಿಂದ ಯಾವತ್ತು ಏನು ವಾಪಸ್ ಬಂತು ಎಂಬುದು ಇನ್ನೊಂದರಲ್ಲಿ. "ಒಂದು ಸಾಲು ಇನ್ನೊಂದು ಸಾಲಿಗೆ ಬೀಗರು ಕಣಮ್ಮ," ಎಂದರು ಸಾಬರು. "ಮೂವತ್ತಾರು ವರ್ಷಕ್ಕೊಂದು ಸಲ ಮುಖ ನೋಡ್ತವೆ."

ಎರಡನೆಯ ಕೋಣೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತಮಟೆ ಇತ್ತು. ಕೆಳಗೆ ಚೀಟಿ: 'ಬಾರಿಸದ ತಮಟೆ. ಏರಿ ಒಡೆದ ಸಂಜೆ ಡಂಗುರದ ತಿಪ್ಪಯ್ಯನು ಕರ್ತವ್ಯ ಬಿಟ್ಟದ್ದರ ನೆನಪಿಗೆ.' ನಾನು ಹುಟ್ಟುವುದಕ್ಕೆ ಎರಡು ವರ್ಷ ಮುಂಚಿನ ಕಥೆ, ಊರಿನವರಿಗೆಲ್ಲ ಬಾಯಿಪಾಠ. ಮೂರು ದಿನದ ಜಡಿಮಳೆಗೆ ಏರಿ ಒಡೆಯಿತು. ಕೆಳಗಿದ್ದ ಕುಂಬಾರಗೇರಿ ಪೂರ್ತಿ ಕೊಚ್ಚಿಹೋಯಿತು. ಕೂಗುಗಲ್ಲಿನ ಮೇಲೆ ನಿಂತು ತಮಟೆ ಬಾರಿಸಿ ಎಚ್ಚರಿಸಬೇಕಾಗಿದ್ದ ತಿಪ್ಪಯ್ಯ ಬಾರಿಸಲಿಲ್ಲ. ಕುಡಿದು ಮಲಗಿದ್ದ ಎಂದರು ಕೆಲವರು, ಹೆದರಿ ಓಡಿದ ಎಂದರು ಕೆಲವರು. ಕುಂಬಾರಗೇರಿಯ ಜನ ಹೇಗೋ ಆವಿಗೆಯ ದಿಬ್ಬ ಹತ್ತಿ ಉಳಿದುಕೊಂಡರು, ಅದು ಗಂಗಮ್ಮನ ದಯೆ, ತಿಪ್ಪಯ್ಯನ ದಯೆಯಲ್ಲ ಎಂದರು ಎಲ್ಲರೂ. ಮಡಕೆ ಸುಡುವ ಆವಿಗೆ ಆ ದಿಬ್ಬದ ಮೇಲಿತ್ತು, ಈಗ ಅಲ್ಲಿ ಜಾಲಿ ಬೆಳೆದಿದೆ.

ಹೋದ ವರ್ಷ ಆಗಸ್ಟ್ ಹನ್ನೆರಡಕ್ಕೆ ಆ ಸಂಜೆಗೆ ಮೂವತ್ತಾರು ವರ್ಷ ತುಂಬಿತ್ತು. ಊರಿಗೆ ಊರೇ ಕೇಳುಕಟ್ಟೆಯ ಮೇಲೆ ಸೇರಿತ್ತು, ನಾನೂ ಇದ್ದೆ. ಏರಿ ಒಡೆದ ಸದ್ದು ಬಂತು. ತಮಟೆ ಬರಲಿಲ್ಲ. ಗುಡ್ಡವೇ ಸಾಕ್ಷಿ ಹೇಳಿದ ಮೇಲೆ ಇನ್ನೇನಿದೆ? ಸಂಗ್ರಹಾಲಯದ ಮುಖ್ಯಸ್ಥ ಪಂಪಾಪತಿಯವರು 'ಬಂದದ್ದು' ಪುಸ್ತಕದಲ್ಲಿ ಕೆಂಪು ಶಾಯಿಯಿಂದ 'ತಮಟೆ: ಬರಲಿಲ್ಲ' ಎಂದು ಬರೆದು ರುಜು ಹಾಕಿದರು.

ತಿಪ್ಪಯ್ಯನ ಮಗಳು ದುರುಗವ್ವ ಸಂಗ್ರಹಾಲಯದ ಗೇಟಿನ ಮುಂದೆಯೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಾಳೆ. ಅಪ್ಪನ ತಮಟೆಯಿಂದ ಅವಳ ಒಲೆಗೆ ನಲವತ್ತು ಹೆಜ್ಜೆಯೂ ಇಲ್ಲ. ಒಂದು ದಿನವೂ ಒಳಗೆ ಕಾಲಿಟ್ಟವಳಲ್ಲ. ಆ ಮನೆಯವರು ಕೂಗುಗಲ್ಲು ಹತ್ತಬಾರದು ಎಂದು ಅಂದು ಊರು ತೀರ್ಮಾನಿಸಿತ್ತು. ಹಾಗಾಗಿ ಅವಳ ಮದುವೆಯ ವಾಲಗವಾಗಲಿ, ಅವಳ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದ ಸುದ್ದಿಯಾಗಲಿ ಗುಡ್ಡಕ್ಕೆ ಹೋಗಲೇ ಇಲ್ಲ. ನಮ್ಮೂರಿನಲ್ಲಿ ಹಾಗೆಂದರೆ ಹುಟ್ಟದೆ ಇದ್ದ ಹಾಗೆಯೇ.

ಜುಲೈ ತಿಂಗಳಲ್ಲಿ ವಸ್ತುಗಳ ಪಟ್ಟಿ ಮಾಡಲು ಕುಳಿತೆ. ಒಂದೊಂದನ್ನೂ ಹೊರತೆಗೆದು, ಅಳೆದು, ಒರೆಸಿ ಬರೆಯಬೇಕು. ತಮಟೆಯ ಸರದಿ ಬಂದಾಗ ಗಾಜು ಸರಿಸಿ ಹಿಂದು ಮುಂದು ನೋಡಿದೆ. ಮರದ ಬಳೆಯ ಒಳಗಡೆ ಮಣ್ಣು ಮೆತ್ತಿಕೊಂಡು ಒಣಗಿತ್ತು. ಕರೀ ಮಣ್ಣಲ್ಲ, ಕೆಂಪೂ ಅಲ್ಲ. ನುಣ್ಣನೆಯ ಬೂದಿಬಣ್ಣದ ಜೇಡಿ. ಅದರೊಳಗೆ ಉಗುರಿನಷ್ಟು ಒಂದು ಬೋಕಿ, ಸುಟ್ಟ ಮಡಕೆಯ ಚೂರು.

"ಸಾಬ್ರೇ, ಇದನ್ನು ಯಾರಾದರೂ ಹೊರಗೆ ತೆಗೆದಿದ್ದರಾ?" ಎಂದು ಕೇಳಿದೆ.

"ಯಾರು ತೆಗೀತಾರಮ್ಮ? ಏರಿ ಒಡೆದ ಮಾರನೇ ದಿನವೇ ಕಸ್ಕೊಂಡು ಬಂದು ಮೊಹರು ಹಾಕಿಟ್ರು. ಗಾಜಿನೊಳಗೆ ಇಡುವಾಗ ನಾನೇ ಇದ್ದೆ. ಮುಟ್ಟಿದ್ರೆ ಪಾಪ ಬರ್ತದೆ ಅನ್ನೋ ಹಾಗೆ ಬಟ್ಟೆಯಲ್ಲಿ ಹಿಡಿದಿದ್ರು."

ಕೂಗುಗಲ್ಲಿನ ಸುತ್ತ ಬರೀ ಬಂಡೆ. ಜೇಡಿಮಣ್ಣು, ಬೋಕಿ ಸಿಗುವುದು ಊರಿನಲ್ಲಿ ಒಂದೇ ಕಡೆ, ಆವಿಗೆಯ ದಿಬ್ಬದ ಮೇಲೆ. ಕುಡಿದು ಮಲಗಿದವನ ತಮಟೆ ಆ ಸಂಜೆ ಅಲ್ಲಿಗೆ ಹೇಗೆ ಹೋಯಿತು? ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಈ ತಮಟೆಗೆ ಮೈಯೆಲ್ಲ ಕೆಸರಾಗಿ ಬಾಯಿಗೆ ಬೀಗ ಬಿದ್ದಿತ್ತು.

ಅಂದೇ ವಿಚಾರಣೆಯ ಕಡತ ತೆಗೆಸಿದೆ. ಐವತ್ತೇಳು ಹಾಳೆ. ಏರಿ ಒಡೆದ ಮೂರನೆಯ ತಿಂಗಳಲ್ಲಿ ನಡೆದ ವಿಚಾರಣೆ. ಅಚ್ಚು ಹಾಕಿದ ನಮೂನೆ, ಒಂದೇ ಪ್ರಶ್ನೆ: 'ಕೂಗುಗಲ್ಲಿನಿಂದ ತಮಟೆ ಕೇಳಿಸಿತೆ?' ಮೇಲಿನ ಬೀದಿಗಳ ಐವತ್ತೈದು ಮಂದಿ, ಐವತ್ತೈದು 'ಇಲ್ಲ'. ಐವತ್ತಾರನೆಯ ಹಾಳೆಯಲ್ಲಿ ಒಂದು ಟಿಪ್ಪಣಿ: 'ಕುಂಬಾರಗೇರಿಯವರು ಮನೆ ಕಳೆದುಕೊಂಡು ಮಾರನೆಯ ದಿನವೇ ಪರವೂರುಗಳಿಗೆ ಹೋಗಿರುವುದರಿಂದ ಅವರ ಹೇಳಿಕೆ ಪಡೆದಿಲ್ಲ.' ಕೊನೆಯದು ತಿಪ್ಪಯ್ಯನದು. 'ಕೂಗುಗಲ್ಲಿನಿಂದ ತಮಟೆ ಬಾರಿಸಿದೆಯಾ?' 'ಇಲ್ಲ.' ಕೆಳಗೆ ಹೆಬ್ಬೆಟ್ಟು. ಹಾಗಾದರೆ ಎಲ್ಲಿಂದ ಬಾರಿಸಿದೆ ಎಂದು ಕೇಳಲು ನಮೂನೆಯಲ್ಲಿ ಜಾಗವೇ ಇರಲಿಲ್ಲ. ನಮ್ಮೂರಿನಲ್ಲಿ ತಮಟೆ ಎಂದರೆ ಕಲ್ಲು, ಕಲ್ಲು ಎಂದರೆ ತಮಟೆ. ಬೇರೆ ಕಡೆಯಿಂದ ಬಾರಿಸಬಹುದು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ನನಗೆ ಸಿಟ್ಟು ಎಷ್ಟು ಬಂತೆಂದರೆ ಕಡತವನ್ನು ಮೇಜಿನ ಮೇಲೆ ಕುಕ್ಕಿದೆ, ಸಾಬರು ಹೌಹಾರಿದರು.

ಸಂಜೆ ದುರುಗವ್ವನ ಒಲೆಯ ಪಕ್ಕ ಕಲ್ಲಿನ ಮೇಲೆ ಕುಳಿತೆ. ಗಿರಾಕಿಗಳು ಕರಗುವ ತನಕ ಕಾದು, "ದುರುಗಕ್ಕ, ನಿಮ್ಮಪ್ಪ ಆ ಸಂಜೆ ಬಗ್ಗೆ ಏನಾದರೂ ಹೇಳ್ತಿದ್ದನಾ?" ಎಂದು ಕೇಳಿದೆ.

ಅವಳು ಜಾಲರಿಯಿಂದ ಬಜ್ಜಿ ಎತ್ತುತ್ತ ನನ್ನ ಮುಖ ನೋಡಲಿಲ್ಲ. "ಯಾಕವ್ವ? ಪೆಟ್ಟಿಗೆ ಕೆಳಗೆ ಇನ್ನೊಂದು ಚೀಟಿ ಅಂಟುಸ್ಬೇಕಾ?"

"ಇರೋ ಚೀಟಿ ಸುಳ್ಳು ಅಂತ ನನಗೆ ಅನುಮಾನ."

ಜಾಲರಿ ನಿಂತಿತು. ಬಾಣಲೆ ಕೆಳಗಿಳಿಸಿ ಹೇಳಿದಳು. "ಸಾಯೋ ತನಕ ಒಂದೇ ಮಾತು ಆಡ್ತಿದ್ದ. 'ಕಲ್ಲಿನ ಮ್ಯಾಲೆ ನಿಂತಿದ್ರೆ ಒಬ್ರೂ ಉಳೀತಿರ್ಲಿಲ್ಲ ಮಗಾ' ಅಂತ. ನಾಚಿಕೆ ತಡೀಲಾರ್ದೆ ಏನೋ ಒದರ್ತಾನೆ ಅನ್ಕಂಡಿದ್ದೆ. ಹೋದ ವರ್ಷ ಗುಡ್ಡನೂ ಬಾಯಿ ಬಿಡ್ಲಿಲ್ಲ. ಅವತ್ತಿಂದ ನಾನೂ ನಂಬೋದು ಬಿಟ್ಟೆ. ಹೆತ್ತಪ್ಪನ್ನ ನಂಬೋದು ಬಿಟ್ಟೆ ಕಣವ್ವ ನಾನು."

ಮಾರನೆಯ ಬೆಳಿಗ್ಗೆ ಕೂಗುಗಲ್ಲು ಹತ್ತಿ ನಿಂತೆ. ನಮ್ಮೂರಿನ ಮಕ್ಕಳಿಗೆ ನಡೆಯಲು ಬರುವ ಮೊದಲೇ ಕಲಿಸುವ ಒಂದು ಪಾಠವಿದೆ: ತಮಟೆ ಕೇಳಿದರೆ ತಮಟೆಯ ಕಡೆಗೆ ಓಡು. ಬೆಂಕಿ ಬೀಳಲಿ, ಚಿರತೆ ನುಗ್ಗಲಿ, ಕಲ್ಲಿನ ಬಳಿ ಬಂದು ಸೇರುವುದು. ಅಲ್ಲಿಗೆ ಬಂದವರನ್ನು ಡಂಗುರದವನು ತಲೆಗೊಂದರಂತೆ ತಮಟೆಗೆ ಏಟು ಹಾಕುತ್ತ ಎಣಿಸುವುದು. ನಾನು ಕಾಲಬುಡ ನೋಡಿದೆ. ಕಲ್ಲಿಗೆ ಅಂಟಿಕೊಂಡೇ ಏರಿಯ ದುರಸ್ತಿಯಾದ ಭಾಗ ಶುರುವಾಗುತ್ತದೆ, ಬಣ್ಣ ಬೇರೆ, ಗಾರೆ ಬೇರೆ. ಏರಿ ಒಡೆದದ್ದು ಇಲ್ಲೇ, ಕಲ್ಲಿನ ಬುಡದಲ್ಲೇ! ತಿಪ್ಪಯ್ಯ ಕಲ್ಲಿನ ಮೇಲೆ ನಿಂತು ಬಾರಿಸಿದ್ದರೆ ಕುಂಬಾರಗೇರಿಯ ಜನ ಕಲಿತ ಪಾಠದಂತೆ ಮಕ್ಕಳನ್ನು ಎತ್ತಿಕೊಂಡು ನೇರವಾಗಿ ನೀರಿನ ಬಾಯಿಗೇ ಓಡಿ ಬರುತ್ತಿದ್ದರು. ಅದಕ್ಕೇ ಅವನು ಕಲ್ಲು ಬಿಟ್ಟ. ತಮಟೆ ಹೊತ್ತುಕೊಂಡು ಗೇರಿಯ ಆಚೆಯ ದಿಬ್ಬಕ್ಕೆ ಓಡಿದ. ಅಲ್ಲಿಂದ ಬಾರಿಸಿದ. ಜನ ತಮಟೆಯ ಕಡೆಗೆ ಓಡಿದರು, ಉಳಿದರು. ಜಡಿಮಳೆಯ ಸದ್ದಿನಲ್ಲಿ ಅದು ಮೇಲಿನ ಬೀದಿಗಳಿಗೆ ಮುಟ್ಟಲಿಲ್ಲ.

ಆದರೆ ಬಾರಿಸಿದ್ದರೆ ಹೋದ ವರ್ಷ ಯಾಕೆ ಬರಲಿಲ್ಲ? ಇದೊಂದು ಪ್ರಶ್ನೆ ಎರಡು ವಾರ ನನ್ನ ತಲೆ ತಿಂದಿತು. ಉತ್ತರ ಸಿಕ್ಕಿದ್ದು ಕಡತದ ಕೋಣೆಯ ಅಟ್ಟದ ಮೇಲೆ. ಬಡೇಸಾಬರು ಒಂದು ಮಾಸಿದ ಬಟ್ಟೆಯ ಗಂಟು ಇಳಿಸಿ ಕೊಟ್ಟರು. "ಇದು ದಿಕ್ಕಿಲ್ಲದ ದನಿಗಳ ಗಂಟು. ಗುಡ್ಡದಿಂದ ಬರ್ತವೆ, 'ಹೋದದ್ದು' ಪುಸ್ತಕದಲ್ಲಿ ಹುಡುಕಿದ್ರೆ ಅಪ್ಪ ಅಮ್ಮ ಯಾರೂ ಇಲ್ಲ. ಬಿಸಾಕಕ್ಕೆ ಮನಸ್ಸು ಬರದೆ ಇಟ್ಕೊಂಡಿದೀನಿ."

ಚೀಟಿಗಳನ್ನು ನೆಲದ ಮೇಲೆ ಹರಡಿದೆ. ಹೆಚ್ಚಿನವು ಪ್ರತಿ ವರ್ಷ ದಸರೆಯಾದ ಮೇಲೆ ಬಂದ ಒಂದೇ ಬಗೆಯ ಕೂಗು: 'ಹೋಯ್ ಬೆಂಕ್ಯವ್ವಾ, ಹದವಾಗಿ ಸುಡವ್ವಾ!' ಸಂಗ್ರಹಾಲಯದವರಿಗೆ ತಲೆಬುಡ ತಿಳಿದಿರಲಿಲ್ಲ. ನನಗೆ ಓದಿದ ಕೂಡಲೇ ತಿಳಿಯಿತು, ಅದು ಆವಿಗೆಗೆ ಬೆಂಕಿ ಹಚ್ಚುವಾಗ ಕುಂಬಾರರು ಕೂಗುತ್ತಿದ್ದದ್ದು. ದಿಬ್ಬವೂ ಎತ್ತರದ್ದೇ, ಅಲ್ಲಿಂದಲೂ ದನಿ ಗುಡ್ಡ ಮುಟ್ಟುತ್ತಿತ್ತು. ಕಲ್ಲಿನಿಂದ ಕೂಗಿದ್ದಲ್ಲವಲ್ಲ, ಹಾಗಾಗಿ ಯಾರೂ ಬರೆದುಕೊಳ್ಳಲಿಲ್ಲ, ಅಷ್ಟೆ. ಒಂದು ಚೀಟಿ ಮಾತ್ರ ಬೇರೆ ಥರ ಇತ್ತು. ಎಂಟು ವರ್ಷದ ಹಿಂದಿನ ಅಕ್ಟೋಬರ್ ಇಪ್ಪತ್ತೆರಡು: 'ಅಯ್ಯೋ, ಆವಿಗೆ ಬಿರೀತು, ಓಡ್ರೋ!' ಆವಿಗೆ ಬಿರಿದರೆ ಅದು ಊರಿಗೇ ಸುದ್ದಿ, ಎಲ್ಲಾದರೂ ಬರೆದಿರಲೇಬೇಕು. ಪೇಟೆ ಕಚೇರಿಯ ಹಳೆಯ ವರದಿಗಳನ್ನು ಆರು ದಿನ ತಿರುವಿದೆ. ಮೂಗಿಗೆ ಧೂಳು ಹತ್ತಿ ಸೀನಿ ಸೀನಿ ಸಾಕಾಯಿತು. ಏಳನೆಯ ದಿನ ಸಿಕ್ಕಿತು: ಕುಂಬಾರಗೇರಿಯ ಆವಿಗೆ ಬಿರಿದು ಇಬ್ಬರಿಗೆ ಸುಟ್ಟ ಗಾಯ, ಅಕ್ಟೋಬರ್ ಮೂರು. ಇಸವಿ ನೋಡಿ ಬೆರಳು ಮಡಿಸಿ ಲೆಕ್ಕ ಹಾಕಿದೆ. ಮೂವತ್ತಾರಲ್ಲ. ಮೂವತ್ತೇಳು ವರ್ಷ, ಅದರ ಮೇಲೆ ಹತ್ತೊಂಬತ್ತು ದಿನ.

ದಿಬ್ಬ ಕಲ್ಲಿಗಿಂತ ಗುಡ್ಡದಿಂದ ದೂರ. ದೂರ ಹೋದ ದನಿ ತಡವಾಗಿ ಬರುತ್ತದೆ. ಇಷ್ಟು ಸರಳ! ನೂರಾರು ವರ್ಷದಿಂದ ಕಲ್ಲೊಂದರಿಂದಲೇ ಕೂಗಿ ಕೂಗಿ, ಗುಡ್ಡಕ್ಕೆ ಇರುವುದು ಮೂವತ್ತಾರರ ಲೆಕ್ಕ ಒಂದೇ ಎಂದು ನಂಬಿಕೊಂಡಿದ್ದೆವು. ತಿಪ್ಪಯ್ಯನ ತಮಟೆ ಬಾರದೆ ಹೋದದ್ದಲ್ಲ. ಅದು ಇನ್ನೂ ದಾರಿಯಲ್ಲಿತ್ತು. ಆಗಸ್ಟ್ ಹನ್ನೆರಡಕ್ಕೆ ಹತ್ತೊಂಬತ್ತು ಸೇರಿಸಿದರೆ ಆಗಸ್ಟ್ ಮೂವತ್ತೊಂದು. ಅಂದರೆ ಇನ್ನು ಹದಿನೈದು ದಿನ. ನಾನು ಸಾಬರ ಕೈ ಹಿಡಿದು ಕಡತದ ಕೋಣೆಯಲ್ಲಿ ಒಂದು ಸುತ್ತು ಕುಣಿದದ್ದನ್ನು ಇಲ್ಲಿ ಬರೆಯಬಾರದು, ಆದರೂ ಬರೆದಿದ್ದೇನೆ.

ಪಂಪಾಪತಿಯವರು ನನ್ನ ಹಾಳೆಗಳನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದೇ ಒಂದು ಆಧಾರದ ಮೇಲೆ ಊರಿಗೆಲ್ಲ ಸಾರಬೇಕಾ? ಬರದೇ ಹೋದರೆ?"

"ನನ್ನ ಮೂರು ತಿಂಗಳೂ ಅವತ್ತಿಗೇ ಮುಗಿಯುತ್ತೆ ಸರ್. ಬರದೇ ಹೋದರೆ ನಾನು ಹೋಗ್ತೀನಿ."

"ನಿನ್ನ ಕೆಲಸದ ಮಾತು ಬಿಡಮ್ಮ, ಕೆಲಸ ಇನ್ನೊಂದು ಸಿಗುತ್ತೆ." ಅವರ ದನಿ ಮೆತ್ತಗಾಯಿತು. "ಹೋದ ವರ್ಷ ಆ ಹೆಣ್ಣುಮಗಳು ಹೊಸ ಸೀರೆ ಉಟ್ಟುಕೊಂಡು ಬಂದು ಮುಂದಿನ ಸಾಲಲ್ಲಿ ಕೂತಿದ್ದಳು. ಕತ್ತಲಾಗೋ ತನಕ ಕೂತಿದ್ದಳು. ಅವಳು ಎದ್ದು ಹೋಗಿದ್ದನ್ನ ನೋಡ್ಕೊಂಡೇ ನಾನು 'ಬರಲಿಲ್ಲ' ಅಂತ ಬರೆದದ್ದು. ಇನ್ನೊಂದು ಸಲ ಅದನ್ನ ನೋಡೋ ಶಕ್ತಿ ನನಗಿಲ್ಲ. ಅವಳು ಒಪ್ಪಿದರೆ ಸಾರು. ಒಪ್ಪದಿದ್ದರೆ ನಾವಿಬ್ಬರೇ ಹೋಗಿ ಕೇಳಿ ಬರೋಣ."

ದುರುಗವ್ವನಿಗೆ ಹೇಳಿದಾಗ ಅವಳು ಕಡಲೆಹಿಟ್ಟು ಕಲಸುತ್ತಿದ್ದಳು. ಕಲ್ಲು, ದಿಬ್ಬ, ಜೇಡಿಮಣ್ಣು, ಬಿರಿದ ಆವಿಗೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಕೈ ಹಿಟ್ಟಿನೊಳಗೇ ಇತ್ತು. "ಸತ್ತೋನು ಒಂದು ಸಲ ಸತ್ತ," ಎಂದಳು. "ಹೋದ ವರ್ಷ ಊರು ಇನ್ನೊಂದು ಸಲ ಸಾಯಿಸ್ತು. ನೀನು ಮೂರನೇ ಸಲ ಸಾಯಿಸ್ಬ್ಯಾಡ ನನ್ನವ್ವ, ಕೈ ಮುಗೀತೀನಿ." ಎದ್ದು ಹೊರಟ ನನ್ನನ್ನು ಅವಳೇ ತಿರುಗಿ ಕರೆದಳು. "ನಾನಂತೂ ಬರಾಕಿಲ್ಲ. ನೀನು ಸಾರ್ಕೋ ಹೋಗು. ಊರಿನ ಕಿವಿ ಊರಿಂದು."

ಒಪ್ಪಿದ್ದೋ ಒಪ್ಪದೆ ಇದ್ದದ್ದೋ ನನಗೆ ಗೊತ್ತಾಗಲಿಲ್ಲ. ಸಾರಿಸಿದೆ.

ಆಗಸ್ಟ್ ಮೂವತ್ತೊಂದರ ಸಂಜೆ ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ಐದು ಗಂಟೆಗೆ ಕಟ್ಟೆ ತುಂಬಿತು, ಐದೂವರೆಗೆ ಕಟ್ಟೆಯ ಕೆಳಗೂ ಜನ. ಅರ್ಧ ಮಂದಿ ನಂಬಿ ಬಂದವರು, ಇನ್ನರ್ಧ ಮಂದಿ ಸಂಶೋಧಕಿಯ ಮುಖ ಸಪ್ಪಗಾಗುವುದನ್ನು ನೋಡಲು ಬಂದವರು. ಸಣ್ಣೀರಮ್ಮನ ಮೊಮ್ಮಗಳು ನನ್ನ ಪಕ್ಕದಲ್ಲೇ ಕುಳಿತು, "ಬರದೇ ಹೋದ್ರೆ ನಿಮ್ಮಜ್ಜಿ ಸೋತ ಹಾಗೇ ಲೆಕ್ಕ," ಎಂದಳು. ಆರು ಗಂಟೆಯಾಯಿತು. ದೀಪ ಹಚ್ಚುವ ಹೊತ್ತಿಗೆ ಏರಿ ಒಡೆದದ್ದು ಎಂದು ಕಡತದಲ್ಲಿತ್ತು. ಅಂದಮೇಲೆ ತಮಟೆ ಅದಕ್ಕಿಂತ ಮುಂಚೆಯೇ ಬರಬೇಕು. ಆರೂ ಹತ್ತು. ಗುಡ್ಡ ಬಂಡೆಯ ಹಾಗೆ ಕೂತಿತ್ತು, ಬಂಡೆಯೇ ಅಲ್ಲವೇ ಅದು. ಹಿಂದಿನಿಂದ ಯಾರೋ, "ಬಜ್ಜಿನಾದ್ರೂ ತರಬೌದಿತ್ತು," ಎಂದರು, ಕೆಲವರು ನಕ್ಕರು. ಪಂಪಾಪತಿಯವರು ಗಡಿಯಾರ ನೋಡಿಕೊಂಡದ್ದು ಕಣ್ಣಿಗೆ ಬಿತ್ತು. ನನ್ನ ಅಂಗೈ ಬೆವರಿ 'ಬಂದದ್ದು' ಪುಸ್ತಕದ ಮೂಲೆ ಒದ್ದೆಯಾಗಿತ್ತು. ದೇವರೇ, ಆ ಹೆಂಗಸು ಬರದೆ ಇದ್ದದ್ದೇ ಒಳ್ಳೆಯದಾಯಿತು ಅಂದುಕೊಂಡೆ. ತಿರುಗಿ ನೋಡಿದರೆ ಜನರ ಹಿಂದೆ, ಬೇವಿನ ಮರದ ಬುಡದಲ್ಲಿ ನಿಂತಿದ್ದಳು. ಮೊಣಕೈವರೆಗೆ ಕಡಲೆಹಿಟ್ಟು.

ಆಗ ಮಳೆಯ ಸದ್ದು ಬಂತು.

ಹನಿ ಇಲ್ಲ, ಗಾಳಿ ಇಲ್ಲ, ಬರೀ ಸದ್ದು. ಮೂವತ್ತೇಳು ವರ್ಷದ ಹಿಂದಿನ ಜಡಿಮಳೆ ಗುಡ್ಡದಿಂದ ಇಳಿದು ಒಣನೆಲದ ಮೇಲೆ ಸುರಿಯತೊಡಗಿತು. ಹೆಂಗಸರು ತಿಳಿಯದೆಯೇ ತಲೆಯ ಮೇಲೆ ಸೆರಗು ಎಳೆದುಕೊಂಡರು. ಅದರ ನಡುವೆ, ಮೊದಲು ಅನುಮಾನವಾಗಿ, ಆಮೇಲೆ ಎದೆಗೇ ಬಡಿಯುವ ಹಾಗೆ, ತಮಟೆ. ಢಂ ಢಂ ಢಂ ಢಂ ಎಂದು ಉಸಿರು ಬಿಡದೆ ಬಾರಿಸುವ ತಮಟೆ. ತಮಟೆಯ ಮೇಲೆ ಹತ್ತಿದಂತೆ ಒಂದು ಗಂಡುದನಿ ಬಂತು, ಬಿರಿದುಹೋಗುವಷ್ಟು ಜೋರಾಗಿ.

"ಈ ಕಡೆ ಬರ್ರೋ! ದಿಬ್ಬಕ್ಕೆ ಬರ್ರೋ! ಏರಿ ಕಡೆ ಹೋಗಬ್ಯಾಡ್ರೋ, ಏರಿ ಬಾಯಿ ಬಿಡ್ತೈತೆ! ಕರಿಯಣ್ಣಾ, ಮುದುಕೀನ ಹೊತ್ಕಂಡು ಬಾ! ಗುಂಡಕ್ಕಾ, ಮಡಕೆ ಬಿಡೇ ತಾಯಿ, ಮಡಕೆ ನಾಳೆ ಮಾಡ್ಕಂತೀಯ, ಮಗೀನ ಎತ್ಕೋ!"

ಅಷ್ಟು ಜನರ ನಡುವೆ ಯಾರೋ ನಕ್ಕರು, ನಗುತ್ತಲೇ ಅತ್ತರು. ಆಮೇಲೆ ತಮಟೆಯ ಗತ್ತು ಬದಲಾಯಿತು. ಒಂದು ಏಟು, ನಿಲುಗಡೆ. ಇನ್ನೊಂದು ಏಟು. ಬಡೇಸಾಬರು ಎದ್ದು ನಿಂತರು. "ತಲೆ ಎಣಿಸ್ತಾವ್ನೆ," ಎಂದರು, ಮತ್ತೆ ತಾವೂ ಎಣಿಸತೊಡಗಿದರು. "ನಾಲ್ಕು. ಐದು." ಪಕ್ಕದವರು ಸೇರಿದರು. ಹತ್ತಕ್ಕೆ ಅರ್ಧ ಕಟ್ಟೆ, ಇಪ್ಪತ್ತಕ್ಕೆ ಇಡೀ ಊರು. ಹೋದ ವರ್ಷ ಗುಡ್ಡವೇ ಸಾಕ್ಷಿ ಎಂದವರೂ ಎಣಿಸುತ್ತಿದ್ದರು, ಪಂಪಾಪತಿಯವರು ಎಲ್ಲರಿಗಿಂತ ಗಟ್ಟಿಯಾಗಿ ಎಣಿಸುತ್ತಿದ್ದರು. ಮೂವತ್ತೊಂಬತ್ತು. ನಲವತ್ತು. ಆಮೇಲೆ ಬರೀ ಮಳೆ. ತಿಪ್ಪಯ್ಯ ಯಾರಿಗೋ ಕಾಯುತ್ತಿದ್ದ, ನಾವೂ ಕಾದೆವು. ದನಿ ಬಂತು: "ಬಾ, ಬಾ, ಕೈ ಕೊಡು, ಬಂದೆ ಬಂದೆ!" ಢಂ. ನಲವತ್ತೊಂದು.

"ಎಲ್ಲಾ ಬಂದ್ರು!" ಎಂದು ಗುಡ್ಡದಿಂದ ತಿಪ್ಪಯ್ಯ ಕೂಗಿದ. "ಗೇರಿಯೋರು ಎಲ್ಲಾ ಬಂದ್ರು!"

ಮಳೆಯ ಸದ್ದು ಮೆಲ್ಲಗೆ ಕರಗಿ ಸಂಜೆ ಮೊದಲಿನಂತಾಯಿತು. ಜನ ಎದ್ದು ನಿಂತರು, ಎದ್ದವರು ಎರಡು ಕಡೆ ಸರಿದು ಬೇವಿನ ಮರದಿಂದ ಕಟ್ಟೆಯವರೆಗೆ ತಾವಾಗಿಯೇ ದಾರಿ ಬಿಟ್ಟರು. ದುರುಗವ್ವ ಆ ದಾರಿಯಲ್ಲಿ ನಡೆದು ಬಂದಳು. ಅಳುತ್ತಿರಲಿಲ್ಲ. ಐವತ್ತೈದು 'ಇಲ್ಲ'ಗಳಲ್ಲಿ ಒಂದು ಹೇಳಿದ್ದ ಮುದುಕರೊಬ್ಬರು ಅವಳ ಕಾಲಿಗೆ ಬಗ್ಗಲು ಹೋದರು. "ಏಳಿ ಯಜಮಾನ್ರೇ, ಸೊಂಟ ಹಿಡ್ಕಂತೈತೆ," ಎಂದು ಅವರನ್ನು ಎತ್ತಿ ನಿಲ್ಲಿಸಿ ನನ್ನ ಮುಂದೆ ಬಂದಳು.

"ನಮ್ಮಪ್ಪನ ತಮಟೆ ಕೊಡು."

ಬೀಗದ ಕೈ ಪಂಪಾಪತಿಯವರ ಬಳಿ ಇತ್ತು. ಅವರೇ ಓಡಿದರು. ಐವತ್ತೆಂಟರ ಆ ಮನುಷ್ಯ ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ದುರುಗವ್ವ ಜೀವಮಾನದಲ್ಲಿ ಮೊದಲ ಸಲ ಸಂಗ್ರಹಾಲಯದ ಹೊಸ್ತಿಲು ದಾಟಿ, ಗಾಜಿನ ಪೆಟ್ಟಿಗೆಯಿಂದ ತನ್ನ ಕೈಯಾರೆ ತಮಟೆ ಎತ್ತಿಕೊಂಡಳು. ಚೀಟಿಯನ್ನು ಕಿತ್ತದ್ದು ನಾನು. ಮೂವತ್ತೇಳು ವರ್ಷ ಸುಮ್ಮನಿದ್ದ ಚರ್ಮ ಮೆತ್ತಗಾಗಿತ್ತು, ಕಾಯಿಸದೆ ನುಡಿಯುವಂತಿರಲಿಲ್ಲ. ಅವಳು ಗೇಟಿನ ಬಳಿಯ ತನ್ನ ಬಜ್ಜಿ ಒಲೆಯ ಮೇಲಿಂದ ಬಾಣಲೆ ಇಳಿಸಿ, ಕೆಂಡದ ಮೇಲೆ ತಮಟೆಯನ್ನು ಆಡಿಸಿ ಆಡಿಸಿ ಕಾಯಿಸಿದಳು. ಬೆರಳಿನಿಂದ ತಟ್ಟಿ ನೋಡಿದಳು, ಇನ್ನೊಂದಿಷ್ಟು ಕಾಯಿಸಿದಳು. ಊರೆಲ್ಲ ಸುತ್ತ ನಿಂತು ಕಾದಿತು.

ಆಮೇಲೆ ಕೂಗುಗಲ್ಲಿನ ಕಡೆ ನಡೆದಳು. ಹತ್ತಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಕಲ್ಲಿನ ಮೇಲೆ ನಿಂತು ಗುಡ್ಡಕ್ಕೆ ಮುಖ ಮಾಡಿ ಬಾರಿಸಿದಳು. ಕಲಿತ ಕೈಯಲ್ಲ, ಗತ್ತು ಅಲ್ಲಲ್ಲಿ ತಪ್ಪಿತು. ಆದರೆ ನನ್ನ ಜೀವಮಾನದಲ್ಲಿ ನಾನು ಅಂಥ ವಾದ್ಯ ಕೇಳಿಲ್ಲ. ನಿಲ್ಲಿಸಿ, ಉಸಿರೆಳೆದು, ಹೊಟ್ಟೆಯಾಳದಿಂದ ಕೂಗಿದಳು.

"ಅಪ್ಪಾ, ಕೇಳಿಸ್ತು! ನೀನು ಬಾರ್ಸಿದ್ದು ಊರಿಗೆಲ್ಲಾ ಕೇಳಿಸ್ತು!" ಸ್ವಲ್ಪ ತಡೆದು, ನೆನಪು ಮಾಡಿಕೊಂಡವಳಂತೆ, "ನಂಗೆ ಎಲ್ಡು ಹೆಣ್ಣುಮಕ್ಳು ಹುಟ್ಟವ್ರೆ! ಒಬ್ಳು ಕೆಂಚವ್ವ, ಒಬ್ಳು ತಿಪ್ಪಮ್ಮ!" ಎಂದೂ ಕೂಗಿದಳು.

ನನ್ನ ಕೆಲಸ ಉಳಿಯಿತು, ಬೇರೆ ಹೇಳಬೇಕಾಗಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಈಗ ಹೊಸ ಚೀಟಿ ಇದೆ: 'ಡಂಗುರದ ತಿಪ್ಪಯ್ಯನವರ ತಮಟೆ. ಆವಿಗೆಯ ದಿಬ್ಬದಿಂದ ಬಾರಿಸಿದ್ದು. ನಲವತ್ತೊಂದು ಜನ.' ತಮಟೆ ಮಾತ್ರ ಹೆಚ್ಚಿನ ದಿನ ಅಲ್ಲಿರುವುದಿಲ್ಲ, ದುರುಗವ್ವನ ಮಕ್ಕಳು ಕಲಿಯಲು ಒಯ್ದಿರುತ್ತಾರೆ. ನೋಡಲು ಬಂದವರಿಗೆ ಬಡೇಸಾಬರು ಖಾಲಿ ಪೆಟ್ಟಿಗೆಯನ್ನೇ ಹೆಮ್ಮೆಯಿಂದ ತೋರಿಸುತ್ತಾರೆ. ಪಂಪಾಪತಿಯವರು ತಮ್ಮ ಕೆಂಪು ಶಾಯಿಯ ಸಾಲನ್ನು ಹೊಡೆದುಹಾಕಲು ಬಿಡಲಿಲ್ಲ. "ತಪ್ಪೂ ದಾಖಲೆಯೇ," ಎಂದು ಅದರ ಪಕ್ಕದಲ್ಲಿ 'ನಾವು ಬೇಗ ಎದ್ದು ಹೋದೆವು' ಎಂದು ಬರೆದು ಇನ್ನೊಂದು ರುಜು ಹಾಕಿದರು.

ದುರುಗವ್ವ ಕಲ್ಲು ಹತ್ತಿದ ಅಂದೇ ರಾತ್ರಿ, ಬೀಗ ಹಾಕುವ ಮೊದಲು 'ಹೋದದ್ದು' ಪುಸ್ತಕ ತೆರೆದು, ಅಡಿಪಟ್ಟಿ ಇಟ್ಟು, ಹಾಳೆಯ ತುದಿಯಲ್ಲಿ ಒಂದು ಹೊಸ ಗೆರೆ ಎಳೆದೆ. ನೂರಾರು ವರ್ಷದಿಂದ ಆ ಪುಸ್ತಕದಲ್ಲಿ ಯಾರು, ಯಾವತ್ತು, ಏನು ಎಂಬ ಮೂರೇ ಅಂಕಣ. ನಾಲ್ಕನೆಯದರ ತಲೆಗೆ 'ಎಲ್ಲಿಂದ' ಎಂದು ಬರೆದೆ. ಕೆಳಗೆ ಮೊದಲ ನಮೂದು: ತಿಪ್ಪಯ್ಯನವರ ಮಗಳು ದುರುಗವ್ವ, ಆಗಸ್ಟ್ ಮೂವತ್ತೊಂದು, ತಮಟೆ ಮತ್ತು ಮಾತು, ಕೂಗುಗಲ್ಲಿನಿಂದ. ಅದು ವಾಪಸ್ ಬರುವ ದಿನ ನನಗೆ ಎಪ್ಪತ್ತೊಂದು ವರ್ಷವಾಗಿರುತ್ತದೆ. ನಾನಂತೂ ಮಧ್ಯಾಹ್ನವೇ ಹೋಗಿ ಚಾಪೆ ಹಾಸಿಕೊಳ್ಳುವವಳು. ಕೇಳಬೇಕೆನ್ನುವವರು ನೀವೂ ಬೇಗ ಬನ್ನಿ, ಆಮೇಲೆ ಕಟ್ಟೆಯ ಮೇಲೆ ಜಾಗ ಸಿಗುವುದಿಲ್ಲ.